ಕಿಟಕಿಯಾಚೆಯ ಹಸಿರು ಯಾರ ಹೆಸರಿನಲ್ಲಿದೆ?

ಹಾರ್ಬರ್ ಟೌನ್ ಗಾಲ್ಫ್ ಮೈದಾನದ ಹದಿನೆಂಟನೆಯ ಹೋಲ್ ಹತ್ತಿರ ಒಂದು ಸ್ಮಶಾನವಿದೆ. ಒಂದು ಕಡೆ ಕ್ಯಾಲಿಬೋಗಿ ಕೊಲ್ಲಿಯ ಅಂಚಿನವರೆಗೂ ಕತ್ತರಿಸಿಟ್ಟ ಹುಲ್ಲು, ಇನ್ನೊಂದು ಕಡೆ ವಿಲ್ಲಾಗಳ ಬಾಲ್ಕನಿ, ನಡುವೆ ಓಕ್ ಮರದ ನೆರಳಿನಲ್ಲಿ ವಾಲಿಕೊಂಡ ಸಮಾಧಿಕಲ್ಲುಗಳು. ಬ್ರಾಡಕ್ ಪಾಯಿಂಟ್ ಎಂದು ಅದರ ಹೆಸರು. ಆಫ್ರಿಕಾದಿಂದ ಹಿಡಿದು ತಂದ ಗುಲಾಮರ ವಂಶದವರಾದ ಗುಲ್ಲಾ ಜನರ ಹಿರಿಯರು ಅಲ್ಲಿ ಮಲಗಿದ್ದಾರೆ. ಅವರ ಮೊಮ್ಮಕ್ಕಳು ಹೂವಿಡಲು ಬರಬೇಕೆಂದರೆ ಇವತ್ತು ಸೀ ಪೈನ್ಸ್ ಎಂಬ ರೆಸಾರ್ಟ್ ಬಡಾವಣೆಯ ಗೇಟು ದಾಟಿ ಬರಬೇಕು.

ಸೀ ಪೈನ್ಸ್ ಇರುವುದು ಅಮೆರಿಕದ ಸೌತ್ ಕ್ಯಾರೊಲಿನಾದ ಹಿಲ್ಟನ್ ಹೆಡ್ ದ್ವೀಪದ ದಕ್ಷಿಣ ತುದಿಯಲ್ಲಿ. ನಾವಿರುವ ಷಾರ್ಲೆಟ್‌ನಿಂದ ಕಾರಿನಲ್ಲಿ ನಾಲ್ಕು ಗಂಟೆಯ ದಾರಿ. ಹೊರಗಿನವರು ಗೇಟಿನಲ್ಲಿ ದಿನದ ಶುಲ್ಕ ಕಟ್ಟಿ ಒಳಗೆ ಹೋಗಬೇಕು. ಒಳಗೆ ಸುಮಾರು 5,000 ಎಕರೆ, ಐದು ಮೈಲಿ ಸಮುದ್ರ ತೀರ, ಮರಗಳ ಕೆಳಗೆ ಸೈಕಲ್ ದಾರಿಗಳು, 600 ಎಕರೆಗೂ ಮಿಕ್ಕ ಕಾಡು, ಕೆಂಪು ಬಿಳಿ ಪಟ್ಟೆಯ ದೀಪಸ್ತಂಭ. ಪೀಟ್ ಡೈ ಮತ್ತು ಜ್ಯಾಕ್ ನಿಕ್ಲಾಸ್ ಸೇರಿ ರೂಪಿಸಿದ ಹಾರ್ಬರ್ ಟೌನ್ ಮೈದಾನದಲ್ಲಿ 1969ರಲ್ಲಿ ಮೊದಲ ಹೆರಿಟೇಜ್ ಪಂದ್ಯಾವಳಿ ನಡೆದು ಆರ್ನಾಲ್ಡ್ ಪಾಮರ್ ಗೆದ್ದರು. ಅಲ್ಲಿಂದ ಈ ಜಾಗದ ಹೆಸರು ದೇಶದ ತುಂಬ ಹರಡಿತು. ನಾನು ಗಾಲ್ಫ್ ಆಡುವವನಲ್ಲ. ಆದರೂ ಅಲ್ಲೊಂದು ವಿಲ್ಲಾ ಕೊಳ್ಳಬೇಕೆಂದು ನಾನೂ ನನ್ನ ಹೆಂಡತಿಯೂ ಒಂದು ಇಡೀ ವಾರ ಕಾಗದಪತ್ರ ಹರಡಿಕೊಂಡು ಕೂತಿದ್ದೆವು. ಅಷ್ಟೊಂದು ಕಾಗದ ಓದುವ ಅಭ್ಯಾಸ ನಮಗೆ ಬಂದದ್ದು ಒಮ್ಮೆ ಕೈ ಸುಟ್ಟುಕೊಂಡ ಮೇಲೆ.

2007ರಲ್ಲಿ ನಾವು ಬೆಟ್ಟದ ಸೀಮೆಯ ಇನ್ನೊಂದು ಗೇಟೆಡ್ ಗಾಲ್ಫ್ ಬಡಾವಣೆಯಲ್ಲಿ ಅರ್ಧ ಎಕರೆಯ ಸೈಟು ಕೊಂಡಿದ್ದೆವು. ಬೆಲೆ 1,40,000 ಡಾಲರ್. ಅದರ ಮೇಲೆ ಕ್ಲಬ್ಬಿನ ಸದಸ್ಯತ್ವಕ್ಕೆಂದು 35,000 ಡಾಲರ್ ಠೇವಣಿ, ಮೂವತ್ತು ವರ್ಷದ ನಂತರ ವಾಪಸು. ‘ವಾಪಸು’ ಎಂಬ ಮಾತನ್ನು ನಾನು ಬ್ಯಾಂಕಿನ ಎಫ್‌ಡಿಯಂತೆ ತಿಳಿದುಕೊಂಡೆ. ಅದು ನಿಜಕ್ಕೂ ನಾನು ಬಡಾವಣೆ ಕಟ್ಟುವವನಿಗೆ ಯಾವ ಅಡಮಾನವೂ ಇಲ್ಲದೆ, ಬಡ್ಡಿಯೂ ಇಲ್ಲದೆ ಕೊಟ್ಟ ಸಾಲವಾಗಿತ್ತು. ಮರುವರ್ಷ ಮನೆಗಳ ಮಾರುಕಟ್ಟೆ ಬಿತ್ತು. ಆತ ದಿವಾಳಿಯೆದ್ದ. ನ್ಯಾಯಾಲಯದಲ್ಲಿ ಬ್ಯಾಂಕುಗಳು ಮುಂದಿನ ಸಾಲಿನಲ್ಲಿ ನಿಂತವು, ನಮ್ಮಂಥ ಠೇವಣಿದಾರರು ಕೊನೆಯ ಸಾಲಿನಲ್ಲಿ. ಒಂದು ಡಾಲರೂ ಬರಲಿಲ್ಲ.

2011ರ ಜೂನ್‌ನಲ್ಲಿ ಹೋಗಿ ನೋಡಿದೆವು. ಗೇಟಿನಲ್ಲಿ ಕಾವಲಿನವನಿರಲಿಲ್ಲ, ಅಡ್ಡಗಂಬ ಮೇಲೆತ್ತಿದಂತೆಯೇ ನಿಂತಿತ್ತು. ನಮ್ಮ ಸೈಟಿನ ಎದುರು ಹುಲ್ಲು ಸೊಂಟದವರೆಗೆ ಬೆಳೆದಿತ್ತು. ಅದರ ನಡುವೆ ಬಾವುಟವಿಲ್ಲದ ಒಂದು ಕೋಲು ಇನ್ನೂ ನೆಟ್ಟಗೆ ನಿಂತಿತ್ತು. ನನ್ನ ಹೆಂಡತಿ ಬಹಳ ಹೊತ್ತು ಸುಮ್ಮನೆ ನೋಡಿ, “ನಾವು ಕೊಂಡದ್ದು ಅರ್ಧ ಎಕರೆ ಕಣ್ರೀ. ದುಡ್ಡು ಕೊಟ್ಟದ್ದು ಮಾತ್ರ ಈ ನೂರೈವತ್ತು ಎಕರೆಗೆ” ಅಂದಳು. ಹದಿನೆಂಟು ಹೋಲ್‌ಗಳ ಮೈದಾನಕ್ಕೆ ಹೆಚ್ಚುಕಡಿಮೆ ಅಷ್ಟು ಜಾಗ ಬೇಕು. ಆ ಜಾಗದಲ್ಲಿ ನಮ್ಮದೆನ್ನುವುದು ಒಂದು ಗೇಣೂ ಇರಲಿಲ್ಲ. ಮೈದಾನ ಮುಚ್ಚಿದ ಮೇಲೂ ರಸ್ತೆಗೆಂದು ತಿಂಗಳಿಗೆ 150 ಡಾಲರ್ ಕಟ್ಟುತ್ತಲೇ ಇದ್ದೆವು. 2013ರಲ್ಲಿ ಸೈಟು ಮಾರಿದಾಗ ಕೈಗೆ ಬಂದದ್ದು 38,000.

ಇದು ನಮ್ಮೊಬ್ಬರ ಕತೆಯಲ್ಲ. ತೊಂಬತ್ತರ ದಶಕದಲ್ಲಿ ಅಮೆರಿಕದಲ್ಲಿ ಗಾಲ್ಫ್ ಮೈದಾನಗಳು ಅಣಬೆಯಂತೆ ಎದ್ದವು. ಬಹಳಷ್ಟನ್ನು ಕಟ್ಟಿದ್ದು ಆಟಕ್ಕಲ್ಲ, ಅಂಚಿನ ಸೈಟುಗಳಿಗೆ ಬೆಲೆ ಬರಲಿ ಎಂದು. ಸೈಟು ಮುಗಿದ ಮೇಲೆ ಹುಲ್ಲಿಗೆ ನೀರು, ಗೊಬ್ಬರ, ಆಳು ಯಾರು ನೋಡಿಕೊಳ್ಳಬೇಕು ಎಂಬ ಲೆಕ್ಕ ಎಷ್ಟೋ ಕಡೆ ಇರಲೇ ಇಲ್ಲ. 2006ರಿಂದ ಒಂದು ದಶಕಕ್ಕೂ ಹೆಚ್ಚು ಕಾಲ ಪ್ರತಿವರ್ಷ ತೆರೆದ ಮೈದಾನಗಳಿಗಿಂತ ಮುಚ್ಚಿದವೇ ಹೆಚ್ಚು.

ಹಾಗಾಗಿ ಸೀ ಪೈನ್ಸ್‌ಗೆ ಹೋದಾಗ ನನಗೆ ದೀಪಸ್ತಂಭಕ್ಕಿಂತ ಅಲ್ಲಿನ ದಿವಾಳಿಯ ಇತಿಹಾಸ ಮುಖ್ಯವಾಗಿತ್ತು. ಹೌದು, ಇಂಥ ಹೆಸರುವಾಸಿ ಜಾಗವೂ 1986ರಲ್ಲಿ ದಿವಾಳಿಯಾಗಿ ನ್ಯಾಯಾಲಯದ ಸುಪರ್ದಿಗೆ ಹೋಗಿತ್ತು. ಅದು ನಮ್ಮ ಬೆಟ್ಟದ ಬಡಾವಣೆಯಂತೆ ಏಕೆ ಹಾಳಾಗಲಿಲ್ಲ?

ಉತ್ತರ ಹುಡುಕಲು ಆರಂಭಕ್ಕೇ ಹೋಗಬೇಕು. ಎರಡನೆಯ ಮಹಾಯುದ್ಧದ ನಂತರ ಈ ದ್ವೀಪದ ದೊಡ್ಡ ಭಾಗವನ್ನು ಕೊಂಡವರು ಪೈನ್ ಮರದ ವ್ಯಾಪಾರಿಗಳು. ಅವರಲ್ಲೊಬ್ಬರ ಮಗ ಚಾರ್ಲ್ಸ್ ಫ್ರೇಸರ್, ಯೇಲ್‌ನಲ್ಲಿ ಕಾನೂನು ಓದಿದವರು. 1956ರಲ್ಲಿ ದ್ವೀಪಕ್ಕೆ ಮೊದಲ ಸೇತುವೆ ಬಂದ ಹೊತ್ತಿಗೆ ಅವರು ದಕ್ಷಿಣ ತುದಿಯ ಜಮೀನನ್ನು ಕೈಗೆ ತೆಗೆದುಕೊಂಡು, ಹಿಡೆಯೊ ಸಸಾಕಿ ಎಂಬ ಭೂವಿನ್ಯಾಸಕಾರರಿಂದ ನಕ್ಷೆ ಹಾಕಿಸಿದರು. ಪ್ರತಿ ಕ್ರಯಪತ್ರಕ್ಕೂ ಷರತ್ತುಗಳನ್ನು ಅಂಟಿಸಿದರು: ಕೇಳದೆ ಮರ ಕಡಿಯುವಂತಿಲ್ಲ, ಗೋಡೆಯ ಬಣ್ಣ ಕಾಡಿನ ಬಣ್ಣದೊಳಗೆ ಕರಗಬೇಕು, ಮನೆಯ ನಕ್ಷೆಗೆ ಸಮಿತಿಯ ಒಪ್ಪಿಗೆ ಬೇಕು. ಸಮುದ್ರಕ್ಕೆ ಮುಖ ಮಾಡಿದ ಸಾಲಿನ ನಡುನಡುವೆ ಕಾಲುದಾರಿ ಬಿಡಿಸಿದ್ದರಿಂದ ಹಿಂದಿನ ಸಾಲಿನವರಿಗೂ ತೀರಕ್ಕೆ ಹಕ್ಕು ಸಿಕ್ಕಿತು. ವಕೀಲನೊಬ್ಬ ಮಾಡಿದ ಬಡಾವಣೆ ಎಂಬುದು ಅಲ್ಲಿ ಎದ್ದು ಕಾಣುತ್ತದೆ. ಆ ಷರತ್ತುಗಳು ಮಾಲೀಕನ ಜೊತೆ ಅಲ್ಲ, ನೆಲದ ಜೊತೆ ಹೋಗುವಂಥವು. 1986ರಲ್ಲಿ ಕಂಪನಿ ಮುಳುಗಿದರೂ ಅವು ಮುಳುಗಲಿಲ್ಲ. ಮರುವರ್ಷ ಅಲ್ಲಿನ ಮನೆ ಮಾಲೀಕರ ಗುಂಪೊಂದು ಸೀ ಪೈನ್ಸ್ ಅಸೋಸಿಯೇಟ್ಸ್ ಎಂಬ ಕಂಪನಿ ಮಾಡಿಕೊಂಡು ರೆಸಾರ್ಟನ್ನೇ ಕೊಂಡುಬಿಟ್ಟಿತು. 2005ರಲ್ಲಿ ಅದು ರಿವರ್‌ಸ್ಟೋನ್ ಗ್ರೂಪಿನ ಕೈಗೆ ಹೋಯಿತು. ರಸ್ತೆ, ಗೇಟು, ಸೈಕಲ್ ದಾರಿಗಳನ್ನು ನೋಡಿಕೊಳ್ಳುವುದು ನಿವಾಸಿಗಳದ್ದೇ ಬೇರೆ ಸಂಘ.

ಅಷ್ಟಿದ್ದರೂ ನಾವು ಕೊಳ್ಳಲಿಲ್ಲ. ಅಲ್ಲಿನ ವಿಲ್ಲಾಗಳಿಗೆ ‘ರೆಜೀಮ್ ಫೀ’ ಎಂಬ ತಿಂಗಳ ವಂತಿಗೆ ಇರುತ್ತದೆ, ಅದರ ಮೇಲೆ ಇಡೀ ಬಡಾವಣೆಯ ವಾರ್ಷಿಕ ವಂತಿಗೆ ಬೇರೆ. ನಾವು ನೋಡಿದ ವಿಲ್ಲಾಕ್ಕೆ ಎರಡೂ ಸೇರಿ ತಿಂಗಳಿಗೆ 700 ಡಾಲರ್ ಹತ್ತಿರ ಬರುತ್ತಿತ್ತು. ವರ್ಷಕ್ಕೆ 8,400. ನೂರಕ್ಕೆ ಐದರ ಬಡ್ಡಿಯಲ್ಲಿ ಇಷ್ಟು ಹಣ ಹುಟ್ಟಬೇಕಾದರೆ 1,68,000 ಡಾಲರ್ ಅಸಲು ಬೇಕು. ಅಂದರೆ ಬೆಲೆಪಟ್ಟಿಯಲ್ಲಿ ಬರೆಯದ ಅಷ್ಟು ಬೆಲೆ ಆ ಮನೆಗೆ ಇತ್ತು. ಬೆಂಗಳೂರಿನಲ್ಲಿ ತಿಂಗಳಿಗೆ 12,000 ರೂಪಾಯಿ ಮೆಂಟೇನೆನ್ಸ್ ಕಟ್ಟುವವರು ಶೇ 6ರ ಲೆಕ್ಕ ಹಾಕಿದರೆ 24 ಲಕ್ಷವಾಗುತ್ತದೆ, ಒಮ್ಮೆ ಹಾಕಿ ನೋಡಿ. ಸೌತ್ ಕ್ಯಾರೊಲಿನಾದಲ್ಲಿ ಇನ್ನೂ ಒಂದು ಸಂಗತಿ ಇದೆ. ಸ್ವಂತ ವಾಸದ ಮನೆಯ ತೆರಿಗೆಯನ್ನು ಅದರ ಮೌಲ್ಯದ ಶೇ 4ರ ಮೇಲೆ ಲೆಕ್ಕ ಹಾಕಿದರೆ, ರಜೆಯ ಮನೆಗೆ ಶೇ 6ರ ಮೇಲೆ. ಶಾಲೆಗಳ ಖರ್ಚಿನ ತೆರಿಗೆಯ ವಿನಾಯಿತಿಯೂ ರಜೆಯ ಮನೆಗೆ ಇಲ್ಲ. ಜೊತೆಗೆ ಪ್ರವಾಹದ ವಿಮೆ, ಗಾಳಿಮಳೆಯ ವಿಮೆ. 2016ರ ಅಕ್ಟೋಬರ್ 8ರಂದು ಮ್ಯಾಥ್ಯೂ ಚಂಡಮಾರುತ ಬಂದಾಗ ದ್ವೀಪದಲ್ಲಿ ಸಾವಿರಾರು ಮರಗಳು ಉರುಳಿದವು, ಹಾರ್ಬರ್ ಟೌನ್‌ನ ದೋಣಿಕಟ್ಟೆ ಮುರಿದುಬಿತ್ತು. ಅಂಥ ಹೊತ್ತಿನಲ್ಲಿ ವಿಮೆ ತುಂಬದ ಖರ್ಚು ಬಂದು ಬೀಳುವುದು ಮಾಲೀಕರ ತಲೆಯ ಮೇಲೆ.

ಆ ವಾರ ಒಂದು ಬೆಳಿಗ್ಗೆ ಅಲ್ಲಿನ ಕಾಡಿನೊಳಗೆ ನಡೆದೆವು. ಸುಮಾರು ನಾಲ್ಕು ಸಾವಿರ ವರ್ಷದ ಹಿಂದಿನ ಜನ ತಿಂದು ಬಿಟ್ಟ ಚಿಪ್ಪುಗಳ ದೊಡ್ಡ ಉಂಗುರ ಅಲ್ಲಿದೆ. ಮುಂದೆ ಹೋದರೆ ಮರದ ಹಲಗೆಯ ದಾರಿ, ಕೆಳಗೆ ಜೌಗು. ಹಳೆಯ ಭತ್ತದ ಗದ್ದೆ ಅಂತ ಬರೆದಿದ್ದರು. ತೀರ್ಥಹಳ್ಳಿಯ ಗದ್ದೆಯಲ್ಲಿ ಬೆಳೆದವನು ನಾನು. ನೀರಿನ ನಡುವೆ ನೇರವಾಗಿ ಹೋದ ಆ ಮಣ್ಣಿನ ದಿಬ್ಬ ಬದುವೆಂದು ಫಲಕ ಓದುವ ಮೊದಲೇ ಗೊತ್ತಾಯಿತು. ಅದನ್ನು ಎತ್ತಿ ಕಟ್ಟಿದ್ದು ಗುಲಾಮರ ಕೈ.

ಆ ಗುಲಾಮರ ಮಕ್ಕಳು ಅಮೆರಿಕದ ಅಂತರ್ಯುದ್ಧದ ನಂತರ ಈ ದ್ವೀಪದಲ್ಲಿ ಜಮೀನು ಕೊಂಡು ಉತ್ತರು. ಉಯಿಲು ಬರೆಯುವ ರೂಢಿ ಅವರಲ್ಲಿ ಕಡಿಮೆ. ಅಜ್ಜನ ಹೆಸರಿನಲ್ಲಿದ್ದ ಜಮೀನು ಪಾಲಾಗದೆ ಮೂವತ್ತು ನಲವತ್ತು ಜನರ ಜಂಟಿ ಆಸ್ತಿಯಾಗಿ ಉಳಿಯಿತು. ಸೇತುವೆ ಬಂದು ರೆಸಾರ್ಟುಗಳು ಎದ್ದ ಮೇಲೆ ತೆರಿಗೆ ಏರಿತು. ಎಲ್ಲೋ ದೂರದ ಊರಿನಲ್ಲಿದ್ದ ಒಬ್ಬ ಪಾಲುದಾರ ತನ್ನ ಪಾಲು ಮಾರಿದರೆ ಸಾಕು, ಕೊಂಡವನು ನ್ಯಾಯಾಲಯಕ್ಕೆ ಹೋಗಿ ಇಡೀ ಜಮೀನನ್ನೇ ಹರಾಜಿಗೆ ತರಬಹುದಿತ್ತು. ಹೀಗೆ ಕಳೆದುಕೊಂಡ ಕುಟುಂಬಗಳು ಬಹಳ. ನಮ್ಮೂರಿನಲ್ಲಿ ಪೌತಿ ಖಾತೆ ಮಾಡಿಸದೆ ಮೂರು ತಲೆಮಾರು ಕಳೆದ ಎಷ್ಟು ಮನೆಗಳು ನನಗೆ ಗೊತ್ತು! ಊರಿಗೆ ಹೋದಾಗಲೆಲ್ಲ ನಾನು ಇದನ್ನು ಹಟ ಹಿಡಿದು ಹೇಳುತ್ತೇನೆ: ಬದುಕಿರುವಾಗಲೇ ಉಯಿಲು ಬರೆಯಿರಿ, ಖಾತೆ ಬದಲಾಯಿಸಿಕೊಳ್ಳಿ.

ಹೋದ ತಿಂಗಳು ಬೆಂಗಳೂರಿನಿಂದ ತಮ್ಮ ಫೋನ್ ಮಾಡಿದ್ದ. ಊರ ಹೊರಗೆ ಗಾಲ್ಫ್ ವ್ಯೂ ಇರುವ ವಿಲ್ಲಾ ನೋಡಿದ್ದಾನಂತೆ, ಮುಂಗಡ ಕೊಡುವುದೊಂದೇ ಬಾಕಿ. ಕ್ರಯಪತ್ರದ ಕರಡು ಕೈಯಲ್ಲಿದೆಯಾ ಎಂದು ಕೇಳಿದೆ. ಇತ್ತು. ಷೆಡ್ಯೂಲ್ ಪುಟ ತೆಗೆದು ಚೆಕ್ಕುಬಂದಿ ಓದು ಅಂದೆ.

“ಪೂರ್ವಕ್ಕೆ ಮೂವತ್ತಡಿ ರಸ್ತೆ. ಪಶ್ಚಿಮಕ್ಕೆ ಪಕ್ಕದ ವಿಲ್ಲಾ. ಉತ್ತರಕ್ಕೆ ಪಾರ್ಕು. ದಕ್ಷಿಣಕ್ಕೆ ಡೆವಲಪರ್ ಉಳಿಸಿಕೊಂಡಿರುವ ಜಮೀನು.”

“ಬಾಲ್ಕನಿ ಯಾವ ದಿಕ್ಕಿಗಿದೆ?”

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತು ಬರಲಿಲ್ಲ.

“ದಕ್ಷಿಣಕ್ಕೇ, ಅಣ್ಣ.”