ಪದಬಳಕೆ: ಇಂಗ್ಲಿಷಿನ 'ಶಾಕ್'

ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಿ ಕೈ ಜುಮ್ಮೆಂದಾಗ ನಾವು 'ಕರೆಂಟ್ ಹೊಡೀತು' ಅನ್ನುತ್ತೇವೆ. ಅದನ್ನೇ 'ಕರೆಂಟ್ ಹಿಟ್ ಮಿ' ಎಂದು ಬರೆದರೆ ಇಂಗ್ಲಿಷ್ ಆಗುವುದಿಲ್ಲ. 'ಐ ಗಾಟ್ ಎ ಶಾಕ್' ಎನ್ನಬೇಕು. ಅನಿರೀಕ್ಷಿತ ಕೆಟ್ಟ ಸುದ್ದಿಗೂ ಇದೇ ಪದ: 'ದ ನ್ಯೂಸ್ ಕೇಮ್ ಆಸ್ ಎ ಶಾಕ್.'

ಪರೀಕ್ಷೆಯಲ್ಲಿ ನಮ್ಮ ಅಭ್ಯರ್ಥಿಗಳು ಅಂಕ ಕಳೆದುಕೊಳ್ಳುವುದು ವಿಶೇಷಣದಲ್ಲಿ. ಸುದ್ದಿ 'ಶಾಕಿಂಗ್', ಕೇಳಿದವರು 'ಶಾಕ್ಡ್'. 'ಐ ಆಮ್ ಶಾಕಿಂಗ್' ಎಂದರೆ ಬೆಚ್ಚಿಬೀಳಿಸುವವನು ನಾನೇ ಎಂದಾಗುತ್ತದೆ! ನಾಮಪದದ ಹಿಂದೆ 'ಶಾಕ್ಡ್ ಆಟ್' ಅಥವಾ 'ಶಾಕ್ಡ್ ಬೈ', ಕ್ರಿಯಾಪದದ ಹಿಂದೆ 'ಶಾಕ್ಡ್ ಟು ಹಿಯರ್' ಎಂಬಂತೆ 'ಟು' ಬರುತ್ತದೆ. ಇಷ್ಟನ್ನು ಬಾಯಿಪಾಠ ಮಾಡಿದರೂ ನಷ್ಟವಿಲ್ಲ.

'ಎ' ಬಿಟ್ಟು 'ಇನ್ ಶಾಕ್' ಎಂದರೆ ದಿಗ್ಭ್ರಮೆಯ ಸ್ಥಿತಿ. ವೈದ್ಯರ ಮಾತಿನಲ್ಲಿ ಮಾತ್ರ ಅರ್ಥ ಬೇರೆ: ತೀವ್ರ ರಕ್ತಸ್ರಾವದಂಥ ಕಾರಣಗಳಿಂದ ಅಂಗಾಂಗಗಳಿಗೆ ಸಾಕಷ್ಟು ರಕ್ತ ತಲುಪದ ಪ್ರಾಣಾಪಾಯದ ಸ್ಥಿತಿ ಅದು. ಮನಸ್ಸಿನ ಗಾಬರಿಯೊಂದಿಗೆ ಇದನ್ನು ಬೆರೆಸಬಾರದು.

ಸಾಮಾನ್ಯ ಜ್ಞಾನಕ್ಕೆ 'ಶೆಲ್ ಶಾಕ್' ಮುಖ್ಯ. ಮೊದಲ ಮಹಾಯುದ್ಧದ ಸೈನಿಕರ ನಡುಕ, ನಿದ್ರಾಹೀನತೆ, ಮಾತು ನಿಲ್ಲುವಿಕೆಗೆ ಅಂಟಿದ ಹೆಸರಿದು. ಬ್ರಿಟಿಷ್ ಮನೋವಿಜ್ಞಾನಿ ಚಾರ್ಲ್ಸ್ ಮೈಯರ್ಸ್ 1915ರಲ್ಲಿ 'ದ ಲ್ಯಾನ್ಸೆಟ್' ಪತ್ರಿಕೆಯ ಲೇಖನದಲ್ಲಿ ಇದನ್ನು ಬಳಸಿದರು. ನರಳುತ್ತಿದ್ದವರನ್ನು ಹೇಡಿಗಳೆಂದು ಜರೆದ ಕಾಲವದು.

ಬೈಕಿನ 'ಶಾಕ್ ಅಬ್ಸಾರ್ಬರ್' ಎಲ್ಲರಿಗೂ ಗೊತ್ತು. 'ಎ ಶಾಕ್ ಆಫ್ ಹೇರ್' ಬಂದರೆ ಗಾಬರಿಯಾಗಬೇಡಿ, ಅದು ಕೆದರಿದ ದಟ್ಟ ಕೂದಲು.