ಉದ್ಯೋಗದ ಅರ್ಜಿಯೊಂದಿಗಿನ ಸಹಪತ್ರ: ಗ್ರಾಮ ಪಂಚಾಯಿತಿ ಸದಸ್ಯರಿಗೆ ಅಧ್ಯಯನ ಲೇಖನ

ಗ್ರಾಮದ ಯುವಜನರು ಉದ್ಯೋಗಕ್ಕೆ ಅರ್ಜಿ ಸಲ್ಲಿಸುವ ಸಂದರ್ಭದಲ್ಲಿ ಶಿಫಾರಸು ಪತ್ರ ಕೋರಿ ಸದಸ್ಯರ ಬಳಿಗೆ ಬರುವುದು ಸಾಮಾನ್ಯ. ಶಿಫಾರಸು ಪತ್ರವು ಅಭ್ಯರ್ಥಿಯ ಪರಿಚಯ ಯಾರಿಗಿದೆ ಎಂಬುದನ್ನು ತಿಳಿಸುತ್ತದೆ. ಅಭ್ಯರ್ಥಿಗೆ ಯಾವ ಕೆಲಸ ಬರುತ್ತದೆ ಎಂಬುದನ್ನು ತಿಳಿಸುವುದಿಲ್ಲ. ಅದನ್ನು ತಿಳಿಸಬೇಕಾದುದು ಸ್ವವಿವರದ ಜೊತೆಗೆ ಅಭ್ಯರ್ಥಿಯೇ ಬರೆದು ಲಗತ್ತಿಸುವ ಸಹಪತ್ರ. ರೂಢಿಯಲ್ಲಿ ಇದನ್ನೇ ಕವರಿಂಗ್ ಲೆಟರ್ ಎನ್ನುತ್ತಾರೆ.

ಯುವನಿಧಿ ಯೋಜನೆಯಡಿ ಅರ್ಹ ನಿರುದ್ಯೋಗಿ ಪದವೀಧರರಿಗೆ ಮಾಸಿಕ ರೂ. 3,000 ಹಾಗೂ ಡಿಪ್ಲೊಮಾ ಪಡೆದವರಿಗೆ ರೂ. 1,500 ದೊರೆಯುವುದು ಗರಿಷ್ಠ 2 ವರ್ಷಗಳವರೆಗೆ ಮಾತ್ರ. ಆ ಅವಧಿಯೊಳಗೆ ಕೆಲಸ ದೊರಕಿಸಿಕೊಳ್ಳಬೇಕಾದ ಯುವಜನರಿಗೆ ಪ್ರತಿಯೊಂದು ಅರ್ಜಿಯೂ ಮುಖ್ಯ.

ಸಹಪತ್ರದ ಅಗತ್ಯ ಎಲ್ಲಿ?

ಕರ್ನಾಟಕ ಲೋಕಸೇವಾ ಆಯೋಗ, ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಮುಂತಾದವುಗಳ ನೇಮಕಾತಿಗೆ ನಿಗದಿತ ನಮೂನೆಯಲ್ಲಿ ಆನ್‌ಲೈನ್ ಅರ್ಜಿ ಸಲ್ಲಿಸಬೇಕಿದ್ದು, ಅಲ್ಲಿ ಸಹಪತ್ರದ ಪಾತ್ರವಿಲ್ಲ. ಖಾಸಗಿ ಕಾರ್ಖಾನೆ, ಆಸ್ಪತ್ರೆ, ಶಾಲೆ, ಸ್ವಯಂಸೇವಾ ಸಂಸ್ಥೆ, ರೈತ ಉತ್ಪಾದಕರ ಕಂಪನಿಗಳಲ್ಲಿ ಮಾತ್ರ ಅನೇಕ ವೇಳೆ ಮೊದಲು ಓದಲಾಗುವುದು ಈ ಪತ್ರವನ್ನೇ.

ಒಂದು ಉದಾಹರಣೆ

ರೈತ ಉತ್ಪಾದಕರ ಕಂಪನಿಯೊಂದರ ಲೆಕ್ಕ ಸಹಾಯಕಿ ಹುದ್ದೆಗೆ ಯುವತಿಯೊಬ್ಬಳು ಹೀಗೆ ಬರೆದಿದ್ದಾಳೆ ಎಂದು ಭಾವಿಸೋಣ: “ನಾನು ಬಿ.ಕಾಂ. ಪದವೀಧರೆ. ಮನೆಯಲ್ಲಿ ತುಂಬಾ ಕಷ್ಟವಿದೆ. ಯಾವ ಕೆಲಸ ಕೊಟ್ಟರೂ ಮಾಡುತ್ತೇನೆ.” ಇದರಲ್ಲಿ ಸುಳ್ಳಿಲ್ಲ. ಆದರೆ ಇದೇ ಮಾತು ಬಂದ ಪತ್ರಗಳಲ್ಲೆಲ್ಲ ಇರುತ್ತದೆ. ಲೆಕ್ಕ ಬರೆಯಬಲ್ಲವರು ಯಾರೆಂಬ ಉದ್ಯೋಗದಾತರ ಪ್ರಶ್ನೆಗೆ ಇದರಲ್ಲಿ ಉತ್ತರವಿಲ್ಲ.

ಇಂತಹ ಪತ್ರವನ್ನು ತಂದವರಿಗೆ ಸದಸ್ಯರು ಮೂರು ಪ್ರಶ್ನೆ ಕೇಳಬಹುದು:

1. ಪ್ರಕಟಣೆಯಲ್ಲಿ ಯಾವ ಕೆಲಸ ಬರಬೇಕೆಂದು ಕೇಳಲಾಗಿದೆ?
2. ಅದಕ್ಕೆ ಹತ್ತಿರವಾದ ಯಾವ ಕೆಲಸವನ್ನು ಈಗಾಗಲೇ ಮಾಡಲಾಗಿದೆ?
3. ಅದಕ್ಕೆ ಆಧಾರವೇನು?

ಉತ್ತರಗಳನ್ನು ಸೇರಿಸಿದಾಗ ಪತ್ರ ಹೀಗಾಗುತ್ತದೆ:

“ಮಾನ್ಯರೇ,
ವಿಷಯ: ಲೆಕ್ಕ ಸಹಾಯಕಿ ಹುದ್ದೆಗೆ ಅರ್ಜಿ.
ಖರೀದಿಸಿದ ಧಾನ್ಯದ ದಿನವಹಿ ಲೆಕ್ಕ ಇಡಬಲ್ಲವರು ಬೇಕೆಂದು ತಮ್ಮ ಪ್ರಕಟಣೆಯಲ್ಲಿ ತಿಳಿಸಿರುತ್ತೀರಿ. ನಾನು ಬಿ.ಕಾಂ. ಪದವೀಧರೆ. ನಮ್ಮ ಸ್ವಸಹಾಯ ಸಂಘದ ನಗದು ಪುಸ್ತಕ ಹಾಗೂ ಸಾಲದ ಲೆಡ್ಜರನ್ನು 2 ವರ್ಷ ಬರೆದಿದ್ದೇನೆ. ಉದ್ಯೋಗ ಖಾತರಿ ಕಾಮಗಾರಿಯಲ್ಲಿ ಕಾಯಕ ಬಂಧುವಾಗಿ 38 ಕೂಲಿಕಾರರ ಹಾಜರಾತಿಯನ್ನು ಮೊಬೈಲ್ ಆ್ಯಪ್‌ನಲ್ಲಿ ದಿನಕ್ಕೆ ಎರಡು ಬಾರಿ ದಾಖಲಿಸಿದ್ದೇನೆ. ಟ್ಯಾಲಿ ತಂತ್ರಾಂಶವನ್ನು ಈಗ ಕಲಿಯುತ್ತಿದ್ದೇನೆ. ಅಂಕಪಟ್ಟಿ ಹಾಗೂ ಸಂಘದ ದೃಢೀಕರಣದ ಪ್ರತಿಗಳನ್ನು ಲಗತ್ತಿಸಿದೆ. ಸಂದರ್ಶನಕ್ಕೆ ಕರೆದ ದಿನ ಹಾಜರಾಗುತ್ತೇನೆ.”

ಯುವತಿಯ ವಿದ್ಯಾರ್ಹತೆಯಾಗಲಿ ಅನುಭವವಾಗಲಿ ಬದಲಾಗಿಲ್ಲ. ಊರಿನಲ್ಲಿ ಮಾಡಿದ್ದು ಕೆಲಸವೆಂದೇ ಲೆಕ್ಕಕ್ಕೆ ಬಾರದೆ ಮೊದಲ ಪತ್ರದಿಂದ ಬಿಟ್ಟುಹೋಗಿತ್ತು. ಎರಡನೆಯದರಲ್ಲಿ ಅದು ಅಂಕಿಗಳೊಡನೆ ಬಂದಿದೆ. ಇನ್ನೂ ಕಲಿಯುತ್ತಿರುವುದನ್ನು ಕಲಿಯುತ್ತಿದ್ದೇನೆ ಎಂದೇ ಹೇಳಿರುವುದರಿಂದ ಉಳಿದ ಮಾತುಗಳಿಗೂ ವಿಶ್ವಾಸ ಬರುತ್ತದೆ.

ಗಮನಿಸಬೇಕಾದ ಅಂಶಗಳು

1. ಪತ್ರವು ಒಂದು ಪುಟವನ್ನು ಮೀರಬಾರದು. ಹುದ್ದೆಯ ಹೆಸರು, ದಿನಾಂಕ, ದೂರವಾಣಿ ಸಂಖ್ಯೆ ಸ್ಪಷ್ಟವಾಗಿರಬೇಕು.
2. ಒಂದೇ ಪತ್ರವನ್ನು ಎಲ್ಲ ಕಡೆಗೂ ಕಳುಹಿಸಬಾರದು. ಆಯಾ ಹುದ್ದೆಗೆ ತಕ್ಕಂತೆ ತಿದ್ದಿ ಬರೆಯಬೇಕು.
3. ಪ್ರಕಟಣೆ ಯಾವ ಭಾಷೆಯಲ್ಲಿ ಅರ್ಜಿ ಕೇಳಿದೆಯೋ ಅದೇ ಭಾಷೆಯಲ್ಲಿ ಬರೆಯಬೇಕು.
4. ಮೂಲ ದಾಖಲೆಗಳನ್ನು ಕಳುಹಿಸದೆ ಪ್ರತಿಗಳನ್ನು ಮಾತ್ರ ಲಗತ್ತಿಸಬೇಕು.
5. ಕೆಲಸ ಕೊಡಿಸಲು ಮುಂಗಡ ಹಣ ಅಥವಾ ಓಟಿಪಿ ಕೇಳುವವರಿಂದ ದೂರವಿರುವಂತೆ ತಿಳಿಸಬೇಕು.

ಸದಸ್ಯರ ಪಾತ್ರ

ಪತ್ರವನ್ನು ಸದಸ್ಯರೇ ಬರೆದುಕೊಡುವುದು ಸೂಕ್ತವಲ್ಲ. ಸಂದರ್ಶನದಲ್ಲಿ ಆ ಪತ್ರದ ಪ್ರತಿಯೊಂದು ವಾಕ್ಯಕ್ಕೂ ಅಭ್ಯರ್ಥಿಯೇ ಉತ್ತರಿಸಬೇಕಾಗುತ್ತದೆ. ಸದಸ್ಯರು ಮೇಲಿನ ಮೂರು ಪ್ರಶ್ನೆಗಳನ್ನು ಕೇಳಿ, ಬರೆದುದನ್ನು ಓದಿ, ಬಿಟ್ಟುಹೋದ ಅನುಭವವನ್ನು ನೆನಪಿಸಿದರೆ ಸಾಕು. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಯುವಜನರನ್ನು ಸೇರಿಸಿ, ಪತ್ರಿಕೆಯಲ್ಲಿ ಬಂದ ಉದ್ಯೋಗ ಪ್ರಕಟಣೆಯೊಂದನ್ನು ಮುಂದಿಟ್ಟುಕೊಂಡು ಇದನ್ನು ಅಭ್ಯಾಸ ಮಾಡಿಸಬಹುದು. ಶಿಫಾರಸು ಪತ್ರ ಕೋರಿ ಬಂದವರಿಗೂ ಸದಸ್ಯರು ಮೊದಲು ಅವರ ಸಹಪತ್ರವನ್ನು ಓದಿ ನೋಡುವುದು ಸೂಕ್ತ.