ಪೊಟ್ಟಣ ಎರಡಿರಲಿ

ಶಿಲಾವಲ್ಕಗಳನ್ನು ಓದಲು ಹೊರಟಿದ್ದೀಯ, ಸಂತೋಷ. ಸಾರಿನ ಪುಡಿಗೆ ಬೀಳುವ ಕಲ್ಲುಹೂವಿನಾಚೆ ನಮ್ಮವರಿಗೆ ಅದರ ಗುರುತು ಅಷ್ಟಕ್ಕಷ್ಟೆ. ಇದರಿಂದ ಹೊಟ್ಟೆ ತುಂಬುತ್ತದೆಯೇ ಎಂದು ನೆಂಟರು ಕೇಳಿಯೇ ಕೇಳುತ್ತಾರೆ. ಅದಕ್ಕೆ ಉತ್ತರ ನೀನೇ ಹುಡುಕಿಕೊ. ನಾನು ಹೇಳಬೇಕಾದ್ದು ಅಮೆರಿಕದ ಮೊಂಟಾನಾದಲ್ಲಿ ಗಡ್ಡದಂತೆ ಜೋತುಬೀಳುವ ಎರಡು ಶಿಲಾವಲ್ಕಗಳ ವಿಷಯ.

ಅಲ್ಲಿ ಪೈನ್, ಫರ್ ಮರಗಳ ಕೊಂಬೆಗಳಿಂದ ಬ್ರಯೋರಿಯಾ ಫ್ರೆಮೊಂಟಿಐ ಕಂದು ಕೂದಲಿನಂತೆ ಇಳಿಬಿದ್ದಿರುತ್ತದೆ. ಆ ಸೀಮೆಯ ಮೂಲನಿವಾಸಿಗಳು ಕೊಯ್ಯುವ ಮುನ್ನ ರುಚಿ ನೋಡಿ ಮರ ಆರಿಸುತ್ತಿದ್ದರು. ತೊಳೆದು, ಬಿಸಿ ಕಲ್ಲುಗಳ ಗುಂಡಿಯಲ್ಲಿ ಹೂತು, ನಿಧಾನವಾಗಿ ಬೇಯಿಸಿ ತಿನ್ನುತ್ತಿದ್ದರು. ಅದರ ನೆಂಟ ಬ್ರಯೋರಿಯಾ ಟಾರ್ಟುಯೋಸಾ ಹಳದಿ ಮಿಶ್ರಿತ ಹಸಿರು, ವಿಷಕಾರಿ. ಬಣ್ಣ, ವಿಷ ಎರಡಕ್ಕೂ ಕಾರಣ ವಲ್ಪಿನಿಕ್ ಆಮ್ಲ. ಅದೇ ಆಮ್ಲ ತುಂಬಿದ ಬೇರೊಂದು ಶಿಲಾವಲ್ಕವನ್ನು ಉತ್ತರ ಯೂರೋಪಿನವರು ಹಿಂದೆ ತೋಳಗಳಿಗೆ ಹಾಕುವ ವಿಷದಲ್ಲಿ ಬೆರೆಸುತ್ತಿದ್ದರು.

ಶಿಲಾವಲ್ಕವೆಂದರೆ ಶಿಲೀಂಧ್ರ ಮತ್ತು ಪಾಚಿಯ ಜೋಡಿಬಾಳು. 1860ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಸಸ್ಯವಿಜ್ಞಾನಿ ಶ್ವೆಂಡೆನರ್ ಹಾಗೆಂದಾಗ ಪಂಡಿತರು ಮುಖ ತಿರುಗಿಸಿದರು. ಮುಂದೆ ಅದೇ ಪಾಠವಾಯಿತು. 2009ರಲ್ಲಿ ಸಾರಾ ವೆಲ್ಮಲಾ ಮತ್ತು ಸಂಗಡಿಗರು ಈ ಎರಡು ಗಡ್ಡಗಳ ಡಿಎನ್‌ಎ ಹೋಲಿಸಿದರು. ಶಿಲೀಂಧ್ರ ಅದೇ, ಪಾಚಿಯೂ ಅದೇ! ಎರಡನ್ನೂ ಒಂದೇ ಪ್ರಭೇದವೆನ್ನಬೇಕೆಂಬ ವಾದ ಬಂತು. ಲೆಕ್ಕದ ಪ್ರಕಾರ ಸರಿ. ಆದರೆ ಒಂದನ್ನು ತಿನ್ನಬಹುದು, ಇನ್ನೊಂದನ್ನು ತಿನ್ನಬಾರದು!

ಮೊಂಟಾನಾದವನೇ ಆದ ಶಿಲಾವಲ್ಕ ಸಂಶೋಧಕ ಟೋಬಿ ಸ್ಪ್ರಿಬಿಲ್ ಆ ವ್ಯತ್ಯಾಸದ ಬೆನ್ನು ಬಿಡಲಿಲ್ಲ. ಒಂದೇ ಜೀನ್‌ಗಳು ಎರಡು ಕಡೆ ಬೇರೆ ಬೇರೆ ರೀತಿ ದುಡಿಯುತ್ತಿವೆಯೇ ಎಂದು ಆರ್‌ಎನ್‌ಎ ಓದಿಸಿದ. ಏನೂ ಸಿಗಲಿಲ್ಲ. ಗೊತ್ತಿದ್ದ ಶಿಲೀಂಧ್ರದ ಗುಂಪಿನಾಚೆಗೂ ಜಾಲ ಬೀಸಿದಾಗ ಇನ್ನೊಂದು ಗುಂಪಿಗೆ ಸೇರಿದ ಯೀಸ್ಟ್ ಸಿಕ್ಕಿತು. ಹೊಳೆಯುವ ಬಣ್ಣ ಹಚ್ಚಿ ನೋಡಿದರೆ ಅದು ಗಡ್ಡದ ಹೊರಪದರದಲ್ಲೇ ಕುಳಿತಿತ್ತು, ಹಳದಿಯದರಲ್ಲಿ ಹೆಚ್ಚು. 2016ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಈ ವಿಷಯ ಅಚ್ಚಾಯಿತು.

ಇಲ್ಲೊಂದು ಎಚ್ಚರ. ವಲ್ಪಿನಿಕ್ ಆಮ್ಲವನ್ನು ಆ ಯೀಸ್ಟೇ ತಯಾರಿಸುತ್ತದೆಂದು ಆ ಲೇಖನ ಸಾಬೀತು ಮಾಡಲಿಲ್ಲ. ಯೀಸ್ಟ್ ಹೆಚ್ಚಿದ್ದಲ್ಲಿ ಆಮ್ಲವೂ ಹೆಚ್ಚು, ಅಷ್ಟೆ. ಪತ್ರಿಕೆಗಳು ಮಾತ್ರ ‘ಮೂರನೆಯ ಪಾಲುದಾರ’ ಎಂದು ಡಂಗುರ ಸಾರಿದವು. 2019ರಲ್ಲಿ ಅಪಲೇಚಿಯನ್ ಬೆಟ್ಟಗಳ ಶಿಲಾವಲ್ಕಗಳಲ್ಲಿ ಹುಡುಕಿದಾಗ ಬಹುಪಾಲು ಪ್ರಭೇದಗಳಲ್ಲಿ ಆ ಯೀಸ್ಟ್ ಕಾಣಲೇ ಇಲ್ಲ. ಇಂಥ ಸುದ್ದಿ ಬಂದಾಗ ಶೀರ್ಷಿಕೆಗೆ ಮರುಳಾಗದೆ ಮೂಲ ಲೇಖನ ಓದು.

ಪಶ್ಚಿಮ ಘಟ್ಟದ ಶೋಲಾ ಕಾಡುಗಳಲ್ಲಿ ನಿನಗೆ ಸಿಗುವುದು ಅಸ್ನಿಯಾ, ಬೇರೆಯದೇ ಗಡ್ಡ. ಒಂದೇ ಕೊಂಬೆಯಲ್ಲಿ ಎರಡು ಬಗೆಯ ಎಳೆ ಕಂಡು, ಪುಸ್ತಕ ಎರಡಕ್ಕೂ ಒಂದೇ ಹೆಸರು ಕೊಟ್ಟರೆ, ಚೀಟಿಯಲ್ಲಿ ಆ ಹೆಸರನ್ನೇ ಬರೆ. ಪೊಟ್ಟಣ ಮಾತ್ರ ಎರಡು ಮಾಡು. ಬಣ್ಣ, ಮರ, ಎತ್ತರ, ಬಿಸಿಲು ಬೀಳುವ ದಿಕ್ಕು ಅಲ್ಲೇ ನಿಂತು ಬರೆದುಕೊ. ಒಣಗಿದ ಮೇಲೆ ಬಣ್ಣ ಬದಲಾಗುವುದುಂಟು.